96 ಬಂದ ದಿನದಿಂದ ಮನೇಲಿ ನಡೀತಿರೋ ಕಥೆ

ಮಗಳ ಟೆಸ್ಟಿನ ಫಲಿತಾಂಶದ ಕಾಗದ ಸ್ಕೂಲಿಂದ ಬಂದಾಗ ನಾನು ಮೊದಲು ನೋಡಿದ್ದೇ ನಂಬರು. 96. ಅಬ್ಬಾ, ನೂರಕ್ಕೆ ತೊಂಬತ್ತಾರು ಅಂತ ನಮ್ಮನೆಯವರಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟೆ, ಆಮೇಲೆ ಕೆಳಗಿನ ಸಾಲು ಓದಿದ್ರೆ ಗಿಫ್ಟೆಡ್ ಪ್ರೋಗ್ರಾಮ್‌ಗೆ, ಅಂದ್ರೆ ಜಾಣ ಮಕ್ಕಳಿಗೆ ಅಂತ ಇರೋ ವಿಶೇಷ ಕ್ಲಾಸಿಗೆ, 98 ಬೇಕು ಅಂತಿದೆ, ಸಾಲದ್ದಕ್ಕೆ ಈ 96 ಅನ್ನೋದು ಮಾರ್ಕ್ಸೇ ಅಲ್ಲ. ಪರ್ಸೆಂಟೈಲ್. ಅಂದ್ರೆ ಇದೇ ವಯಸ್ಸಿನ ನೂರು ಮಕ್ಕಳನ್ನ ಸಾಲಾಗಿ ನಿಲ್ಲಿಸಿದ್ರೆ ಹತ್ರಹತ್ರ 96 ಮಕ್ಕಳು ಇವಳ ಹಿಂದೆ ಇರ್ತಾರೆ ಅಂತ ಅಷ್ಟೇ, ಎಷ್ಟು ಪ್ರಶ್ನೆ ಸರಿ ಮಾಡಿದಳು ಅನ್ನೋದು ಬೇರೆ ಲೆಕ್ಕ. ಇದೇ ಗೊತ್ತಿಲ್ಲದೆ ಎರಡು ತಿಂಗಳು ಕಟ್ ಆಫ್ ಕಟ್ ಆಫ್ ಅಂತ ಬಡ್ಕೊಂಡಿದ್ದೆ ನಾನು.

ಮಗಳಿಗೆ ಏಳು ವರ್ಷ. ಒಂದು ಲೆಕ್ಕ ಕೊಟ್ರೆ ಪಟ್ ಅಂತ ಮುಗಿಸೋ ಮಗು ಅಲ್ಲ, ಸೊನ್ನೆಯಿಂದ ಯಾಕೆ ಭಾಗಿಸೋಕಾಗಲ್ಲ ಅಂತ ಮೂರು ದಿನ ನಮ್ಮ ತಲೆ ತಿಂದು, ನಾವು ಹೇಳಿದ ಉತ್ತರ ಒಪ್ಪದೆ, ನಾಲ್ಕನೇ ದಿನ ಹಲ್ಲುಜ್ಜುವಾಗ "ಓ, ಅದಕ್ಕಾ" ಅಂದಳು. ಸ್ಕೂಲಲ್ಲಿ ಟೀಚರ್ ಬರೆದಿದ್ದು ಮಾತ್ರ "ಕೆಲಸ ನಿಧಾನ".

ಪೇರೆಂಟ್ಸ್ ತುಂಬೋ ಫಾರ್ಮ್ ಒಂದಿತ್ತು, ಮಗುವಿನ ವಿಶೇಷತೆ ವಿವರಿಸಿ ಅಂತ. ಒಂದೂವರೆ ಪುಟ ಬರೆದೆ. ನಮ್ಮನೆಯವರು ಓದಿ, "ಯಾರ ಮಗು ಇದು?" ಅಂದ್ರು.

ಇನ್ನೊಂದು ತಪ್ಪು ಒಪ್ಕೊಂಡುಬಿಡ್ತೀನಿ. ಟೆಸ್ಟಿಗೆ ಮುಂಚೆ ಪ್ರಾಕ್ಟೀಸ್ ಪುಸ್ತಕ ತಂದಿದ್ದೆ, ಸಾಲಲ್ಲಿ ಮುಂದಿನ ಚಿತ್ರ ಯಾವುದು ಅಂತ ಕೇಳ್ತಾರಲ್ಲ, ಅಂಥದ್ದು. ಆಟ ಅಂತ ಹೇಳಿ ಕೂರಿಸಿದೆ. ಎರಡನೇ ವಾರ ಅವಳೇ "ಆಟ ಆದ್ರೆ ನೀನ್ಯಾಕೆ ಟೈಮ್ ನೋಡ್ತೀಯಾ ಅಮ್ಮ" ಅಂದಳು. ಪುಸ್ತಕ ಎತ್ತಿಟ್ಟೆ. ಇಂಥ ಟೆಸ್ಟ್‌ಗಳ ನಾರ್ಮ್ಸ್, ಅಂದ್ರೆ ಹೋಲಿಸಿ ನೋಡೋ ಅಳತೆ, ಮಾಡೋದು ಅಭ್ಯಾಸ ಮಾಡದ ಮಕ್ಕಳನ್ನ ಇಟ್ಕೊಂಡು, ಮನೇಲಿ ಉಜ್ಜಿಸಿ ಕಳಿಸಿದ್ರೆ ಪ್ರಶ್ನೆಯ ಮಾದರಿ ಪರಿಚಯ ಆಗಿ ನಂಬರ್ ಏರುತ್ತೆ, ಆದ್ರೆ ಆ ನಂಬರಿಗೆ ಅರ್ಥ ಉಳಿಯಲ್ಲ. ಇದು ನನಗೆ ಗೊತ್ತಾಗಿದ್ದು ಪುಸ್ತಕಕ್ಕೆ ದುಡ್ಡು ಕೊಟ್ಟಾದ್ಮೇಲೆ.

ಸ್ಕೂಲಿನ ತೀರ್ಮಾನದ ಮೇಲೆ ಅಪೀಲ್ ಹಾಕೋದಾದ್ರೆ ಸೈಕಾಲಜಿಸ್ಟ್ ಹತ್ರ ಒಬ್ಬಳೇ ಕೂತು ಮಾಡೋ ಟೆಸ್ಟ್ ಬೇಕು ಅಂದ್ರು. ಮಕ್ಕಳ ಐಕ್ಯೂ ಅಳೆಯೋ ವೆಕ್ಸ್ಲರ್ ಟೆಸ್ಟ್, ವಿಸ್ಕ್ ಅಂತಾರೆ, 1949ರಿಂದ ಇದೆ, ಈಗಿರೋದು ಐದನೇ ಆವೃತ್ತಿ. ಸರಾಸರಿ 100, ಹದಿನೈದು ಪಾಯಿಂಟಿಗೆ ಒಂದೊಂದು ಮೆಟ್ಟಿಲು, 130 ದಾಟೋರು ನೂರಕ್ಕೆ ಇಬ್ಬರು ಅನ್ಕೊಳ್ಳಿ, ಅಂದ್ರೆ ಸ್ಕೂಲ್ ಕೇಳಿದ 98 ಇಲ್ಲಿ ಹತ್ರಹತ್ರ 130. ಇವಳಿಗೆ ಬಂದಿದ್ದು 127. ನಾನು ಮುಖ ಸಣ್ಣ ಮಾಡ್ಕೊಂಡಿದ್ದು ನೋಡಿ ಸೈಕಾಲಜಿಸ್ಟ್ ರಿಪೋರ್ಟ್ ನನ್ನ ಕಡೆ ತಿರುಗಿಸಿ, 127 ಪಕ್ಕದಲ್ಲಿ ಸಣ್ಣಕ್ಷರದಲ್ಲಿದ್ದ 121-132 ತೋರಿಸಿದ್ರು. ನಿಜವಾದ ಅಂಕ ಈ ನಡುವೆ ಎಲ್ಲೋ ಇದೆ, ಅವಳು ನಿದ್ದೆ ಮಾಡಿದ್ದು, ಆ ದಿನದ ಮೂಡು ಎಲ್ಲಾ ಇದರಲ್ಲಿ ಸೇರುತ್ತೆ ಅಂದ್ರು. 130 ಅನ್ನೋ ಗೆರೆ ಸರಿಯಾಗಿ ಆ ಅನುಮಾನದ ಒಳಗೇ ಎಳೆದಿದಾರೆ!

ಅದಕ್ಕಿಂತ ಮುಖ್ಯವಾಗಿದ್ದು ಒಳಗಿನ ವಿವರ. ಭಾಷೆಯಲ್ಲಿ ಅರ್ಥ ಮಾಡ್ಕೊಳ್ಳೋದ್ರಲ್ಲಿ 138, ಪ್ರೊಸೆಸಿಂಗ್ ಸ್ಪೀಡಲ್ಲಿ, ಅಂದ್ರೆ ಸುಲಭದ ಕೆಲಸ ಎಷ್ಟು ಬೇಗ ಮುಗಿಸ್ತಾಳೆ ಅನ್ನೋದ್ರಲ್ಲಿ, 97. ಚಿಹ್ನೆ ನೋಡಿ ಬೇಗಬೇಗ ಬರೆಯೋ ಆ ಭಾಗದಲ್ಲಿ ಇವಳು ಒಂದೊಂದನ್ನೂ ರಂಗೋಲಿ ಥರ ನೀಟಾಗಿ ಬರೀತಾ ಕೂತಿದ್ದಳಂತೆ. ವೇಗ, ವರ್ಕಿಂಗ್ ಮೆಮೊರಿ (ಕೇಳಿದ್ದನ್ನ ಆ ಕ್ಷಣಕ್ಕೆ ತಲೇಲಿ ಇಟ್ಕೊಂಡು ಕೆಲಸ ಮಾಡೋದು) ಎರಡನ್ನೂ ಬಿಟ್ಟು ಲೆಕ್ಕ ಹಾಕೋ ಇನ್ನೊಂದು ಅಂಕ ಇದೆ, ಜನರಲ್ ಎಬಿಲಿಟಿ ಇಂಡೆಕ್ಸ್, ಅದರಲ್ಲಿ 133. ಕೆಲವು ಸ್ಕೂಲಲ್ಲಿ ಅದನ್ನ ಒಪ್ತಾರೆ, ಕೆಲವು ಕಡೆ ಒಪ್ಪಲ್ಲ, ಅದನ್ನ ಕೇಳಬಹುದು ಅನ್ನೋದೇ ನಮಗೆ ಗೊತ್ತಿರಲಿಲ್ಲ. ನಿಮ್ಮ ಮಗುವಿನ ರಿಪೋರ್ಟಲ್ಲಿ ಹೀಗೆ ಅಂಕಗಳ ಮಧ್ಯೆ ದೊಡ್ಡ ಅಂತರ ಇದ್ರೆ ಒಟ್ಟು ನಂಬರ್ ಒಂದನ್ನೇ ನೋಡ್ಬೇಡಿ.

ನಮ್ಮನೆಯವರದ್ದು ಬೇರೆ ಸಮಾಧಾನ. 1921ರಲ್ಲಿ ಟರ್ಮನ್ ಅನ್ನೋ ಸೈಕಾಲಜಿಸ್ಟ್ ಐಕ್ಯೂ ನೋಡಿ ಸಾವಿರಾರು ಮಕ್ಕಳಲ್ಲಿ ಜಾಣರನ್ನ ಆರಿಸೋಕೆ ಹೊರಟಾಗ ಶಾಕ್ಲಿ, ಆಲ್ವಾರೆಜ್ ಇಬ್ಬರೂ ಟೆಸ್ಟ್ ಬರೆದು ಆಯ್ಕೆ ಆಗ್ಲಿಲ್ಲ, ಮುಂದೆ ಇಬ್ಬರಿಗೂ ಫಿಸಿಕ್ಸ್ ನೊಬೆಲ್ ಬಂತು, ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ. ದಿನಾ ರಾತ್ರಿ ಇದೇ ಕಥೆ. ರೀ, ನಾವು ಕೇಳ್ತಿರೋದು ಮೂರನೇ ಕ್ಲಾಸಿನ ಒಂದು ಸೀಟು ಅಂದೆ.

ಆ ಸೀಟಿನ ಬಗ್ಗೆ ಕೇಳಬೇಕಾದ ಪ್ರಶ್ನೆ ನಾನು ಕೇಳಿದ್ದು ಕೊನೆಗೆ. ಒಳಗೆ ಏನು ಮಾಡಿಸ್ತೀರಿ? ಮುಂದಿನ ವರ್ಷದ ಗಣಿತ ಈ ವರ್ಷವೇ ಮುಗಿಸ್ತೀವಿ, ವಾರಕ್ಕೊಂದು ಟೈಮ್ ಇಟ್ಟು ಮಾಡೋ ಟೆಸ್ಟ್ ಇರುತ್ತೆ ಅಂದ್ರು ಕೋಆರ್ಡಿನೇಟರ್, ಹೆಮ್ಮೆಯಿಂದಾನೇ. ಒಂದೇ ವಿಷಯದಲ್ಲಿ ಆಳಕ್ಕೆ ಇಳಿಯೋದು ಏನಾದ್ರೂ ಇದೆಯಾ ಅಂದೆ. ಸಮಯ ಸಿಕ್ಕಿದ್ರೆ ಪ್ರಾಜೆಕ್ಟ್ ಮಾಡಿಸ್ತೀವಿ ಅಂದ್ರು. ಹಲ್ಲುಜ್ಜುತ್ತಾ ಸೊನ್ನೆ ಬಗ್ಗೆ ಯೋಚನೆ ಮಾಡೋಳು ಅಲ್ಲಿ ಕೂತ್ರೆ ಮತ್ತೆ "ಕೆಲಸ ನಿಧಾನ" ಅಂತಾನೇ ಬರೀತಾರೋ ಏನೋ. ಹಾಗಂತ ಈಗಿನ ಕ್ಲಾಸಲ್ಲೂ ಅವಳ ಪ್ರಶ್ನೆಗೆ ಯಾರಿಗೂ ಪುರಸೊತ್ತಿಲ್ಲ.

ಅಪೀಲ್‌ಗೆ ಶುಕ್ರವಾರ ಕೊನೇ ದಿನ. 133 ಇರೋ ಪುಟಕ್ಕೆ ಗುರುತು ಹಾಕಿ, ಫಾರ್ಮ್ ತುಂಬಿ ಟೇಬಲ್ ಮೇಲಿಟ್ಟಿದೀನಿ. ಸೈನ್ ಮಾಡಿಲ್ಲ ಇನ್ನೂ.