ಮಾತ್ರೆಗಳನ್ನೆಲ್ಲ ಒಂದು ತಟ್ಟೆಗೆ ಹಾಕಿ

ನಾನು ಕರಾವಳಿಯ ಒಂದು ಆಸ್ಪತ್ರೆಯ ಕಿಡ್ನಿ ವಿಭಾಗದಲ್ಲಿ ನರ್ಸ್. ಕಿಡ್ನಿ ದಿಢೀರನೆ ಕೈಕೊಟ್ಟು ದಾಖಲಾದವರು ಮನೆಗೆ ಹೋದ ಮೇಲೆ ಅವರನ್ನು ಮೊಬೈಲಿನಲ್ಲೇ ವಿಚಾರಿಸಿಕೊಳ್ಳುವುದು ನನ್ನ ಕೆಲಸ. ಮಳೆಗಾಲದಲ್ಲಿ ಇಲಿ ಜ್ವರದವರೇ ಜಾಸ್ತಿ. ಗದ್ದೆ, ತೋಟದ ನೀರಿಗೆ ಬರಿಗಾಲಲ್ಲಿ ಇಳಿದವರು. ನಡುನಡುವೆ ಕೊಳಕುಮಂಡಲ ಕಚ್ಚಿದವರೂ ಇರುತ್ತಾರೆ.

ವಾರಕ್ಕೊಮ್ಮೆ ವಾಟ್ಸಾಪಿಗೆ ಒಂದು ಫಾರ್ಮ್ ಹೋಗುತ್ತದೆ. ಬಿಪಿ ಎಷ್ಟು, ತೂಕ ಎಷ್ಟು, ಕಾಲು ಊದಿದೆಯಾ, ಮೂತ್ರ ಸರಿಯಾಗಿ ಹೋಗ್ತಿದೆಯಾ, ನೋವಿನ ಮಾತ್ರೆ ತಗೊಳ್ತೀರಾ.

ಅಡಿಕೆ ತೋಟದವರೊಬ್ಬರಿಗೆ ಮೂರು ಸಲ ಡಯಾಲಿಸಿಸ್ ಆಗಿತ್ತು. ಡಿಸ್ಚಾರ್ಜ್ ದಿನ ಕ್ರಿಯಾಟಿನಿನ್ (ಕಿಡ್ನಿ ಸೋಸಬೇಕಾದ ರಕ್ತದ ಕಶ್ಮಲ; ಇದು ಏರಿದರೆ ಕಿಡ್ನಿ ಸೋಲುತ್ತಿದೆ ಅಂತ) 1.4. ಮೂರು ವಾರ ಫಾರ್ಮ್ ಚೊಕ್ಕವಾಗಿತ್ತು. ನಾಲ್ಕನೇ ವಾರ ಲ್ಯಾಬ್ ರಿಪೋರ್ಟ್ ಬಂತು: 2.3. ಫೋನ್ ಮಾಡಿದರೆ ಎತ್ತಿದ್ದು ಬೆಂಗಳೂರಿನಲ್ಲಿರುವ ಮಗ! ಪ್ರತಿ ವಾರ ಅಮ್ಮನನ್ನು ಕೇಳಿ ಅವನೇ ತುಂಬುತ್ತಿದ್ದನಂತೆ.

ಪಕ್ಕದ ಮನೆಯವರ ಮೊಬೈಲಿಗೆ ವಿಡಿಯೋ ಕಾಲ್ ಮಾಡಿ ರೋಗಿಯನ್ನೇ ಕೇಳಿದೆ. "ಇಲ್ಲ ಸಿಸ್ಟರ್, ನೋವಿನ ಮಾತ್ರೆ ಮುಟ್ಟಿಯೇ ಇಲ್ಲ" ಅಂದರು. ಸುಮ್ನೆ ಒಮ್ಮೆ ಮಾತ್ರೆ ಡಬ್ಬ ತಟ್ಟೆಗೆ ಸುರಿಯಿರಿ ಅಂದೆ. ಸುರಿದರು. ಬಿಪಿ ಮಾತ್ರೆಯ ಪಕ್ಕದಲ್ಲೇ ಅರ್ಧ ಖಾಲಿಯಾದ ಡೈಕ್ಲೋಫಿನ್ಯಾಕ್ ಪಟ್ಟಿ. ನೋವಿನ ಮಾತ್ರೆಯೇ.

"ಇದು?"

"ಅದು ವಾಯುವಿಗೆ."

ಸುಳ್ಳು ಹೇಳಿದ್ದಲ್ಲ. ಅವರ ಲೆಕ್ಕದಲ್ಲಿ ಸೊಂಟ ಹಿಡಿಯುವುದು ವಾಯು, ನೋವಲ್ಲ. ಆದರೆ ಈ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಆಗಷ್ಟೇ ಚೇತರಿಸಿಕೊಳ್ಳುತ್ತಿರುವ ಕಿಡ್ನಿ ಅದನ್ನು ತಡೆದುಕೊಳ್ಳದು. ಬಿಪಿಯ ಕೆಲವು ಮಾತ್ರೆಗಳ ಜೊತೆ ಸೇರಿದರಂತೂ ಇನ್ನೂ ಕಷ್ಟ. ಡಾಕ್ಟರು ನೋವಿನ ಮಾತ್ರೆಯನ್ನು ಅವತ್ತೇ ನಿಲ್ಲಿಸಿದರು. ಹತ್ತು ದಿನದಲ್ಲಿ ಕ್ರಿಯಾಟಿನಿನ್ 1.5ಕ್ಕೆ ಇಳಿಯಿತು.

ನೋವಿನ ಮಾತ್ರೆಯ ಆ ಪ್ರಶ್ನೆ ಬರೆದಿದ್ದು ನಾನೇ ಅಲ್ವಾ? ತೆಗೆದುಹಾಕಿದೆ. ಈಗ ಮೊದಲ ಪ್ರಶ್ನೆ, ಉತ್ತರ ಕೊಡುತ್ತಿರುವವರು ಯಾರು ಅಂತ. ಕೊನೆಯದು, ಮನೆಯಲ್ಲಿ ನೀವು ತಗೊಳ್ಳುವ ಎಲ್ಲವನ್ನೂ ಒಂದು ತಟ್ಟೆಗೆ ಹಾಕಿ ಫೋಟೋ ಕಳಿಸಿ ಅಂತ. ಪಟ್ಟಿಯ ಬೆಳ್ಳಿ ಕಾಗದಕ್ಕೆ ಫ್ಲ್ಯಾಶ್ ಬಡಿದು ಎಷ್ಟೋ ಸಲ ಹೆಸರೇ ಕಾಣುವುದಿಲ್ಲ. ಮತ್ತೆ ಕೇಳುತ್ತೇನೆ. ಆದರೆ ಡಿಸ್ಚಾರ್ಜ್ ಆಗಿ ಮೂರು ತಿಂಗಳಾದಾಗ ಫೋಟೋ ಸಾಲದು, ಖುದ್ದಾಗಿ ಬರಲೇಬೇಕು. ಕ್ರಿಯಾಟಿನಿನ್ ಸರಿಯಿದ್ದರೂ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರಬಹುದು, ಮೂತ್ರ ಪರೀಕ್ಷೆ ಮಾಡದೆ ಅದು ಗೊತ್ತಾಗದು.

ಕಳೆದ ವಾರ ಒಬ್ಬ ಅಜ್ಜಿಯ ತಟ್ಟೆಯಲ್ಲಿ ಮಾತ್ರೆಗಳ ಜೊತೆ ಪೇಪರ್ ಪೊಟ್ಟಣವೂ ಇತ್ತು. ಯಾವುದೋ ಬೇರಿನ ಪುಡಿ. ಹೆಸರಿಲ್ಲ, ಚೀಟಿ ಇಲ್ಲ. ಕೇಳಿದ್ದಕ್ಕೆ, "ಎಲ್ಲ ಅಂದ್ಯಲ್ಲ ಮಗಾ, ಅದಕ್ಕೇ ಇಟ್ಟೆ" ಅಂದರು. ಪೊಟ್ಟಣ ಹಾಗೇ ತನ್ನಿ, ಅಲ್ಲಿಯವರೆಗೆ ಮುಟ್ಟಬೇಡಿ ಅಂದಿದ್ದೇನೆ. ಸೋಮವಾರ ಬರುತ್ತಾರೆ.