ಕೊರ್ಟೆದಾಲದಲ್ಲಿ ಕತ್ತಲಾಗೋ ಹೊತ್ತು

ನವೆಂಬರ್ 16, 2024, ಶನಿವಾರ
ಗೊಥೆನ್‌ಬರ್ಗ್, ಸ್ವೀಡನ್

ಮೂರು ವಾರದಿಂದ ಒಂದೇ ಆಲ್ಬಂ ಕೇಳ್ತಾ ಇದೀನಿ, ಬೇರೆ ಯಾವ್ದೂ ರುಚಿಸ್ತಾನೇ ಇಲ್ಲ. ಯೆನ್ಸ್ ಲೆಕ್‌ಮನ್ ಅಂತ ಇದೇ ಊರಿನ ಹಾಡುಗಾರ, 2007ರ ಆಲ್ಬಂ, ಹೆಸರು ‘ನೈಟ್ ಫಾಲ್ಸ್ ಓವರ್ ಕೊರ್ಟೆದಾಲ’. ಕೊರ್ಟೆದಾಲ ಅನ್ನೋದು ಇಲ್ಲಿಯ ಈಶಾನ್ಯದ ಕಡೆ 1950ರ ದಶಕದಲ್ಲಿ ಕಟ್ಟಿದ ಬಡಾವಣೆ. ಟ್ರ್ಯಾಮ್ ಬೋರ್ಡಲ್ಲಿ ಎಷ್ಟು ಸಲ ಆ ಹೆಸರು ಓದಿದ್ನೋ, ಅದರ ಮೇಲೊಂದು ಆಲ್ಬಂ ಇರತ್ತೆ ಅಂತ ಅಂದ್ಕೊಂಡೇ ಇರ್ಲಿಲ್ಲ.

ಸೆಕೆಂಡ್ ಹ್ಯಾಂಡ್ ಅಂಗಡೀಲಿ ಇಪ್ಪತ್ತು ಕ್ರೋನರ್‌ಗೆ ಸಿಡಿ ಸಿಕ್ತು. ಸಿಡಿನೇ ಬೇಕಿತ್ತು, ಯಾಕಂದ್ರೆ ಹಳೇ ಹಾಡುಗಳ ತುಣುಕು ತಗೊಂಡು ಹೊಲಿದಿರೋ ಆಲ್ಬಂ ಇದು, ಆ ತುಣುಕುಗಳ ಹಕ್ಕಿನ ತೊಂದ್ರೆಯಿಂದ 2022ರಲ್ಲಿ ಮೂಲ ಆಲ್ಬಂನ ಸ್ಟ್ರೀಮಿಂಗಿಂದ ತೆಗೆದು, ಕೆಲವನ್ನ ಬದಲಾಯಿಸಿ ‘ದಿ ಲಿಂಡನ್ ಟ್ರೀಸ್ ಆರ್ ಸ್ಟಿಲ್ ಇನ್ ಬ್ಲಾಸಮ್’ ಅಂತ ಬೇರೆ ಹೆಸರಲ್ಲಿ ಬಿಟ್ರು. ಅದೂ ಚೆನ್ನಾಗಿದೆ, ಆದ್ರೆ ನನ್ನ ಮನಸ್ಸು ಮೊದಲನೇದಕ್ಕೇ ಅಂಟ್ಕೊಂಡಿದೆ.

ಮೊದಲ ಸಲ ಕೇಳಿದ್ದು ನಮ್ಮ ಬಿಲ್ಡಿಂಗ್ ನೆಲಮಾಳಿಗೆಯ ಲಾಂಡ್ರಿ ರೂಮಲ್ಲಿ. ಇಲ್ಲಿ ಎಲ್ಲಾ ಮನೆಗೂ ಸೇರಿ ಒಂದೇ, ಮೊದ್ಲೇ ಟೈಮ್ ಬುಕ್ ಮಾಡ್ಕೋಬೇಕು. ಡ್ರೈಯರಿಂದ ಬಿಸಿ ಬಿಸಿ ಬೆಡ್‌ಶೀಟ್ ತೆಗೀತಾ ಪ್ಲೇ ಒತ್ತಿದ್ರೆ, ಯಪ್ಪಾ, ಹಳೇ ಸಿನಿಮಾ ಟೈಟಲ್ ಬರೋವಾಗ ಇರತ್ತಲ್ಲ ಹಾಗೆ ವಯಲಿನ್‌ಗಳ ಸಾಲೇ ಏಳತ್ತೆ, ದೊಡ್ಡ ದೊಡ್ಡ ಡ್ರಮ್ಮು, ನಾನು ಬೆಡ್‌ಶೀಟಿನ ಎರಡು ತುದಿ ಹಿಡ್ಕೊಂಡು ಹಾಗೇ ನಿಂತ್ಬಿಟ್ಟೆ.

ಇಷ್ಟೆಲ್ಲಾ ವೈಭವ ಯಾವುದಕ್ಕೆ ಅಂದ್ರೆ ಸಣ್ಣ ಸಣ್ಣ ವಿಷಯಕ್ಕೆ. ಒಂದು ಹಾಡಲ್ಲಿ ಅವನು ಬೆಣ್ಣೆಹಣ್ಣು ಹೆಚ್ತಾ ಇರ್ತಾನೆ, ಅವಳು ಹೊಸ ಶೂ ಹಾಕ್ಕೊಂಡು ಸದ್ದಿಲ್ದೆ ಹಿಂದಿಂದ ಬಂದು ತಬ್ಕೋತಾಳೆ, ಬೆಚ್ಚಿಬಿದ್ದು ಬೆರಳಿನ ತುದಿ ಕುಯ್ಕೋತಾನೆ. ಅಷ್ಟೇ ಕಥೆ! ಆದ್ರೆ ಅದನ್ನ ಹಾಡೋ ರೀತಿಗೆ, ಆ ಅಡುಗೆಮನೇಲಿ ನಡೆದಿದ್ದಕ್ಕಿಂತ ದೊಡ್ಡದು ಲೋಕದಲ್ಲಿ ಏನೂ ನಡೆದಿಲ್ಲ ಅನ್ಸತ್ತೆ.

‘ಎ ಪೋಸ್ಟ್‌ಕಾರ್ಡ್ ಟು ನೀನಾ’ ಕೇಳಿ ಅತ್ತುಬಿಟ್ಟೆ. ಬರ್ಲಿನ್‌ನಲ್ಲಿರೋ ಗೆಳತಿ ನೀನಾಗೆ ಪ್ರೀತಿ ಇರೋದು ಇನ್ನೊಬ್ಬ ಹುಡುಗಿ ಮೇಲೆ, ಅಪ್ಪನಿಗೆ ಹೇಳಕ್ಕಾಗಲ್ಲ, ಹಾಗಾಗಿ ಇವನನ್ನೇ ಬಾಯ್‌ಫ್ರೆಂಡ್ ಅಂತ ಊಟಕ್ಕೆ ಕರ್ಕೊಂಡು ಹೋಗ್ತಾಳೆ. ಕೊನೇಲಿ ಪಾಪ ಆ ಅಪ್ಪ ಇವನಿಗೆ ಮೇಲ್ ಮೇಲೆ ಮೇಲ್ ಕಳಿಸ್ತಾ ಇರ್ತಾರೆ, ಸುಮ್ನೆ ಹೇಗಿದೀಯಾ ಅಂತ. ಬೇರೆಯವರಾಗಿದ್ರೆ ಅಪ್ಪನ್ನ ವಿಲನ್ ಮಾಡ್ಬಿಡ್ತಿದ್ರು, ಇವನಿಗೆ ಆ ಮುದುಕರ ಮೇಲೂ ಅಕ್ಕರೆ.

ಮನೇಲೇ ಸಲೂನ್ ಇಟ್ಕೊಂಡಿರೋ ಶಿರೀನ್ ಬಗ್ಗೆನೂ ಒಂದು ಹಾಡಿದೆ, ಸರ್ಕಾರಕ್ಕೆ ಗೊತ್ತಾದ್ರೆ ಕಷ್ಟ, ನಾನ್ಯಾರಿಗೂ ಹೇಳಲ್ಲ ಅಂತಾನೆ. ನನಗೆ ನಮ್ಮ ಬೀದೀಲಿ ಹಾಲ್‌ನಲ್ಲೇ ಕರ್ಟನ್ ಎಳೆದು ಐಬ್ರೋ ಮಾಡ್ತಿದ್ದ ಆಂಟಿ ನೆನಪಾದ್ರು, ದಾರ ಹಲ್ಲಲ್ಲಿ ಕಚ್ಕೊಂಡೇ ಮಾತಾಡೋರು.

ಇವತ್ತು ತಡ್ಕೊಳಕ್ಕಾಗ್ಲಿಲ್ಲ, ಟ್ರ್ಯಾಮ್ ಹತ್ತಿ ಕೊರ್ಟೆದಾಲ ತೋರಿಗೆ ಹೋದೆ. ತೋರಿ ಅಂದ್ರೆ ಚೌಕ. ನಾಲ್ಕು ಗಂಟೆಗೆ ಮುಂಚೆನೇ ಸೂರ್ಯ ಮುಳುಗ್ತು. ನೋಡೋ ಜಾಗ ಅಂತ ಯಾರೂ ಹೇಳಲ್ಲ, ಅಪಾರ್ಟ್‌ಮೆಂಟ್ ಸಾಲು, ಗುಡ್ಡ, ತಣ್ಣನೆ ಗಾಳಿ. ಬೆಂಚ್ ಮೇಲೆ ಕೂತು ಹನ್ನೆರಡೂ ಹಾಡು ಕೇಳಿದೆ. ಒಂದೊಂದೇ ಕಿಟಕಿ ದೀಪ ಹತ್ಕೊಳ್ತಾ ಇತ್ತು, ಯಾರೋ ಒಬ್ರು ಕಿಟಕಿ ಹತ್ರ ನಿಂತು ಏನೋ ಹೆಚ್ತಾ ಇದ್ರು, ನಾನು ಮನಸ್ಸಲ್ಲೇ ಹುಷಾರು ಅಂದೆ. ಈ ಊರಿಗೆ ಬಂದು ಎರಡು ವರ್ಷ ಆಯ್ತು, ಇಲ್ಲಿಯ ಕಿಟಕಿಗಳ ಹಿಂದೆ ಇರೋರು ನನ್ನೋರು ಅಂತ ಅನ್ಸಿದ್ದು ಇವತ್ತೇ ಮೊದಲು.

ವಾಪಸ್ ಬರ್ತಾ ತಂಗಿಗೆ ಫೋನ್ ಮಾಡಿ ‘ದಿ ಆಪೊಸಿಟ್ ಆಫ್ ಹಲ್ಲೆಲೂಯಾ’ ಹಾಡಿನ ಕಥೆ ಹೇಳ್ದೆ. ಅದ್ರಲ್ಲಿ ಅವನು ತನ್ನ ತಂಗಿನ ಸಮುದ್ರದ ಹತ್ರ ಕರ್ಕೊಂಡು ಹೋಗಿ, ತನಗೆ ಮನೆ ಅನ್ನೋದೇ ಇಲ್ಲ ಅಂತ ತೋರ್ಸಕ್ಕೆ ಒಂದು ಚಿಪ್ಪು ಎತ್ಕೋತಾನೆ, ನೋಡಿದ್ರೆ ಒಳಗಿಂದ ಏಡಿ ಹೊರಗೆ ಬರತ್ತೆ, ಹೇಳ್ಬೇಕಂತಿದ್ದ ಮಾತೆಲ್ಲಾ ಅಲ್ಲಿಗೇ ಬಿದ್ದೋಗತ್ತೆ. ನಾನೂ ಅವಳಿಗೆ ಏನೋ ಹೇಳ್ಬೇಕಂತಿದ್ದೆ, ಗಂಟಲು ಕಟ್ಕೊಂಡು ಬರ್ಲಿಲ್ಲ.

ಸ್ವಲ್ಪ ಹೊತ್ತು ಅವಳೂ ಸುಮ್ನಿದ್ಲು. ಆಮೇಲೆ ಕೇಳಿದ್ಲು, “ಅಕ್ಕಾ, ಚಿಪ್ಪನ್ನ ಏಡಿಗೆ ವಾಪಸ್ ಕೊಟ್ನಾ?”