ಬರೆದದ್ದು ಸಿಲಿಕೋನ್, ಹಾಕಿದ್ದೂ ಸಿಲಿಕೋನ್

ಸೋಮವಾರ ಬೆಳಿಗ್ಗೆ ಮ್ಯೂಸಿಯಮ್ಮಿನ ಹೊಸ ಗ್ಯಾಲರಿಯಲ್ಲಿ ನಾಲ್ಕನೇ ಷೋಕೇಸಿನ ಬಾಗಿಲು ತೆಗೆದದ್ದೇ ತಡ, ಹುಳಿ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಅಪ್ಪಟ ವಿನೆಗರ್ ವಾಸನೆ. ಕ್ಯುರೇಟರ್ ಹಿಂದೆ ಸರಿಯಲಿಲ್ಲ. ಇನ್ನಷ್ಟು ಬಗ್ಗಿ, ಗಾಜು ಗಾಜು ಕೂಡುವ ಒಂದೊಂದು ಮೂಲೆಯನ್ನೂ ಮೂಸಿ ನೋಡಿದರು.

"ಇಲ್ಲಿ ಏನು ಹಾಕಿದ್ದೀರಿ?"

"ಸಿಲಿಕೋನ್, ಮೇಡಂ."

"ಯಾವ ಸಿಲಿಕೋನ್?"

"ಟೆಂಡರಲ್ಲಿ ಸಿಲಿಕೋನ್ ಅಂತ ಬರೆದಿದೆ. ನಾವು ಸಿಲಿಕೋನೇ ಹಾಕಿದ್ದೀವಿ."

ವಾರವಿಡೀ ತಲೆ ಕೊರೆದದ್ದು ಈ ಕೊನೆಯ ಮಾತು. ಮೊದಲ ಸಲ ಕೇಳಿದಾಗ ಉಡಾಫೆ ಅನಿಸಿತು. ಎರಡನೇ ಸಲ ಯೋಚಿಸಿದಾಗ, ಷೋಕೇಸ್ ಕಟ್ಟಿದ ಗುತ್ತಿಗೆದಾರರ ಸೂಪರ್‌ವೈಸರ್ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂಬುದು ಹೊಳೆಯಿತು. ಸಿಲಿಕೋನ್ ಅಂದರೆ ಸಂದು ಮುಚ್ಚುವ ಅಂಟು. ಅಂಗಡಿಗೆ ಹೋಗಿ ಬರೀ ಸಿಲಿಕೋನ್ ಎಂದು ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಅಸಿಟಾಕ್ಸಿ ಜಾತಿಯದು. ಗಾಜಿಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಬೇಗ ಗಟ್ಟಿಯಾಗುತ್ತದೆ. ಕಿಟಕಿಗೆ, ಬಚ್ಚಲಿಗೆ, ಮೀನಿನ ತೊಟ್ಟಿಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಆದರೆ ಗಾಳಿಯ ತೇವ ಹೀರಿ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಹೊರಬಿಡುತ್ತದೆ. ಅದೂ ಹೊರಮೈಯಿಂದ ಒಳಕ್ಕೆ, ದಿನಕ್ಕೆ ಎರಡು ಮೂರು ಮಿಲಿಮೀಟರಿನಂತೆ. ಬೆರಳಿಟ್ಟು ನೋಡಿದರೆ ಒಣಗಿದೆ ಅನಿಸುತ್ತದೆ, ಒಳಗೆ ಇನ್ನೂ ಹಸಿ. ಪೂರ್ತಿ ಗಟ್ಟಿಯಾದ ಮೇಲೂ ಉಳಿದ ಆಮ್ಲ ವಾರಗಟ್ಟಲೆ ಸೋರುತ್ತಲೇ ಇರುತ್ತದೆ.

ಎಷ್ಟು ಹಾಕಿದ್ದಾರೆ ಎಂದು ಲೆಕ್ಕ ಮಾಡಿದರೆ ಗಾಬರಿಯಾಗುತ್ತದೆ. ಒಂದು ಷೋಕೇಸಿಗೆ ಎರಡು ಮೀಟರಿನ ನಾಲ್ಕು ನೆಟ್ಟನೆ ಅಂಚು, ಮೇಲೆ ಸುತ್ತಲೂ 3.6 ಮೀಟರ್. ಒಟ್ಟು 11.6 ಮೀಟರ್. ಹನ್ನೆರಡು ಷೋಕೇಸಿಗೆ ಹೆಚ್ಚು ಕಡಿಮೆ 139 ಮೀಟರ್. ಆರು ಮಿಲಿಮೀಟರ್ ಅಗಲ, ಅಷ್ಟೇ ಆಳದ ಗೆರೆ ಎಳೆದರೆ 300 ಮಿಲಿಲೀಟರಿನ ಒಂದು ಟ್ಯೂಬು ಎಂಟೂಕಾಲು ಮೀಟರಿಗೆ ಮುಗಿಯುತ್ತದೆ. ಅಂದರೆ ಹದಿನೇಳು ಟ್ಯೂಬು, ಮುಚ್ಚಿದ ಪೆಟ್ಟಿಗೆಗಳೊಳಗೆ.

ಸಂಜೆ ನಾಲ್ಕನೇ ಷೋಕೇಸಿನಲ್ಲಿ ಆಮ್ಲ ಪತ್ತೆ ಹಚ್ಚುವ ಕಾಗದದ ಪಟ್ಟಿಯೊಂದನ್ನು ಇಟ್ಟು ಬಾಗಿಲು ಹಾಕಲಾಯಿತು. ಗಾಳಿಯಲ್ಲಿ ಆಮ್ಲವಿಲ್ಲದಿದ್ದರೆ ಅದು ನೀಲಿಯಾಗಿಯೇ ಇರಬೇಕು, ಸ್ವಲ್ಪ ಇದ್ದರೆ ಹಸಿರು, ಹೆಚ್ಚಿದ್ದರೆ ಹಳದಿ. ಮಂಗಳವಾರ ಬೆಳಿಗ್ಗೆ ಅದರಲ್ಲಿ ನೀಲಿಯ ಸುಳಿವೇ ಇರಲಿಲ್ಲ. ಸೂಪರ್‌ವೈಸರ್ ಆ ಹಳದಿ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಮೊದಲೇ ಹೀಗೇ ಇತ್ತೋ ಏನೋ" ಅಂದ. ಕ್ಯುರೇಟರ್ ಮಾತಾಡದೆ ಡಬ್ಬಿಯಿಂದ ಇನ್ನೊಂದು ಪಟ್ಟಿ ತೆಗೆದು ಪಕ್ಕದಲ್ಲಿಟ್ಟರು. ಅದು ಕಡು ನೀಲಿ.

ನಾಲ್ಕನೆಯದರಲ್ಲಿ ಬರಬೇಕಾದದ್ದು ಸೀಸದ ಮುದ್ರೆಗಳು. ಅಸಿಟಿಕ್ ಆಮ್ಲಕ್ಕೆ ಸೀಸ ಸಿಕ್ಕರೆ ಮೇಲ್ಮೈ ಬೆಳ್ಳಗೆ ಪುಡಿಯಾಗುತ್ತದೆ. ಆ ಪುಡಿ ಹೊರಗಿಂದ ಅಂಟಿಕೊಂಡ ಕೊಳೆಯಲ್ಲ, ಮುದ್ರೆಯದೇ ಮೈ. ಒರೆಸಿದರೆ ಅಕ್ಷರವೂ ಅದರ ಜೊತೆಗೇ ಹೋಗುತ್ತದೆ. ಆರನೆಯದು ಶಂಖ, ಚಿಪ್ಪುಗಳಿಗೆ. ಅವುಗಳ ಮೇಲೆ ಇದೇ ಆಮ್ಲ ಬೂಷ್ಟು ಹಿಡಿದಂತೆ ಬಿಳಿ ಹರಳು ಕಟ್ಟಿಸುತ್ತದೆ. ಅದಕ್ಕೆ ಬೈನ್ ರೋಗ ಎಂಬ ಹೆಸರಿದೆ. ರೋಗವೂ ಅಲ್ಲ, ರೋಗಾಣುವೂ ಇಲ್ಲ, ಬರೀ ರಸಾಯನಕ್ರಿಯೆ. ವಸ್ತುಗಳು ಇನ್ನೂ ಉಗ್ರಾಣದಲ್ಲೇ ಇದ್ದವು ಎನ್ನುವುದೊಂದೇ ಸಮಾಧಾನ.

ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಗುತ್ತಿಗೆದಾರರ ಕೆಲಸ ಕಳಪೆಯಾಗಿದ್ದರೆ ಅಪಾಯ ಕಡಿಮೆ ಇರುತ್ತಿತ್ತು! ಬಾಗಿಲಂಚಿನ ಸಂದು ಮುಚ್ಚುವ ಪಟ್ಟಿ, ಅಂದರೆ ಗ್ಯಾಸ್ಕೆಟ್, ಸಡಿಲವಾಗಿದ್ದರೆ ಆಮ್ಲ ಹೊರಗೆ ಹೋಗುತ್ತಿತ್ತು, ಜೊತೆಗೆ ಧೂಳು ಒಳಗೆ ಬರುತ್ತಿತ್ತು. ಇವರು ಬಾಗಿಲನ್ನು ಎಷ್ಟು ಚೆನ್ನಾಗಿ ಕೂರಿಸಿದ್ದಾರೆಂದರೆ ಕಾಗದದ ಚೂರು ಸಿಕ್ಕಿಸಿ ಎಳೆದರೂ ಜಗ್ಗದು. ಒಳ್ಳೆಯ ಷೋಕೇಸಿನಲ್ಲಿ ಒಳಗಿನ ಗಾಳಿಯ ಹತ್ತನೇ ಒಂದು ಪಾಲು ಮಾತ್ರ ದಿನಕ್ಕೆ ಬದಲಾಗಬೇಕು ಎನ್ನುವುದು ರೂಢಿ. ತೇವ ಕಾಪಾಡಲು ಅದೇ ಸರಿ. ಆದರೆ ಒಳಗೆ ಹುಟ್ಟಿದ ವಿಷವೂ ಅಲ್ಲೇ ಉಳಿಯುತ್ತದೆ. ಕೈಕೆಲಸ ಉತ್ತಮವಾದಷ್ಟೂ ಸಾಮಗ್ರಿಯ ತಪ್ಪಿಗೆ ಕ್ಷಮೆ ಕಡಿಮೆ.

ಸಿಟ್ಟು ಯಾರ ಮೇಲೆ ಬರಬೇಕು? ಆ ಸೂಪರ್‌ವೈಸರ್ ಮೇಲಂತೂ ಅಲ್ಲ. ಒರಟ, ಆದರೆ ಕೆಲಸಗಾರ. ಸಿಟ್ಟು ಬರಬೇಕಾದದ್ದು ಟೆಂಡರ್ ದಾಖಲೆ ಬರೆದುಕೊಟ್ಟ ಸಲಹೆಗಾರರ ಮೇಲೆ. ಅದನ್ನು ಮತ್ತೆ ತೆಗೆದು ಓದಿದಾಗ, ಸಿಲಿಕೋನ್ ಎಂಬ ಸಾಲಿನ ಕೆಳಗೇ ಸಿಂಕಿನ ಸುತ್ತ ನೀರು ಇಳಿಯದಂತೆ ಸೀಲ್ ಮಾಡತಕ್ಕದ್ದು ಎಂದಿತ್ತು. ಆ ಗ್ಯಾಲರಿಯಲ್ಲಿ ಸಿಂಕೇ ಇಲ್ಲ. ಯಾವುದೋ ಆಫೀಸಿನ ಒಳಾಂಗಣದ ಕೆಲಸಕ್ಕೆ ಬರೆದದ್ದನ್ನು ಎತ್ತಿ ಇಲ್ಲಿಗೆ ಅಂಟಿಸಿದ್ದಾರೆ. ಅದನ್ನು ಓದದೆ ಸಹಿ ಹಾಕಿದವರು ಮ್ಯೂಸಿಯಮ್ಮಿನವರೇ, ಅದನ್ನೂ ಹೇಳಬೇಕು.

ಹಾಗಾದರೆ ಏನೆಂದು ಬರೆಯಬೇಕಿತ್ತು? ಷೋಕೇಸಿನೊಳಗಿನ ಗಾಳಿಗೆ ತಾಗುವ ಪ್ರತಿಯೊಂದು ಸಾಮಗ್ರಿಯ ಪಟ್ಟಿ ಬೇಕಿತ್ತು: ಹಲಗೆ, ಬಟ್ಟೆ, ಬಣ್ಣ, ಅಂಟು, ಗ್ಯಾಸ್ಕೆಟ್, ಸಿಲಿಕೋನಿನಂಥ ಸಂದು ಮುಚ್ಚುವ ಸೀಲೆಂಟ್. ಒಂದೊಂದರ ಮಾದರಿಯನ್ನೂ ಖರೀದಿಗೆ ಮೊದಲೇ ಆಡಿ ಪರೀಕ್ಷೆಗೆ ಕೊಡಬೇಕೆಂಬ ಷರತ್ತೂ ಬೇಕಿತ್ತು. 1973ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಆಂಡ್ರ್ಯೂ ಆಡಿ ರೂಪಿಸಿದ ಈ ಪರೀಕ್ಷೆ ನೋಡಲು ತೀರಾ ಸರಳ. ಗಾಜಿನ ಕೊಳವೆಯಲ್ಲಿ ಎರಡು ಗ್ರಾಂ ಸಾಮಗ್ರಿ, ಅರ್ಧ ಮಿಲಿಲೀಟರ್ ಶುದ್ಧ ನೀರು, ಬೆಳ್ಳಿ, ತಾಮ್ರ, ಸೀಸದ ಉಜ್ಜಿ ಹೊಳಪಿಸಿದ ಚಿಕ್ಕ ತಗಡುಗಳು. ಬಿಗಿಯಾಗಿ ಮುಚ್ಚಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 28 ದಿನ ಇಡುವುದು. ಪಕ್ಕದಲ್ಲಿ ಸಾಮಗ್ರಿಯೇ ಇಲ್ಲದ ಇನ್ನೊಂದು ಕೊಳವೆ, ಹೋಲಿಸಿ ನೋಡಲು. ತಗಡು ಬದಲಾಗದಿದ್ದರೆ ಸಾಮಗ್ರಿ ಕಾಯಂ ಪ್ರದರ್ಶನಕ್ಕೆ ಆಗುತ್ತದೆ. ಅಲ್ಪಸ್ವಲ್ಪ ಮಂಕಾದರೆ ತಾತ್ಕಾಲಿಕ ಪ್ರದರ್ಶನಕ್ಕೆ ಮಾತ್ರ. ತುಕ್ಕು ಹಿಡಿದರೆ ಬೇಡ.

ತೊಂದರೆ ಇರುವುದು ಆ 28 ದಿನದಲ್ಲಿ. ಕಾಮಗಾರಿಯ ವೇಳಾಪಟ್ಟಿಯಲ್ಲಿ ಇದಕ್ಕೆ ಜಾಗವನ್ನೇ ಇಟ್ಟಿರುವುದಿಲ್ಲ. ಒಂದು ಸಾಮಗ್ರಿ ಫೇಲಾದರೆ ಬದಲಿಗೆ ಮತ್ತೆ 28 ದಿನ. ಉದ್ಘಾಟನೆಗೆ ಗಣ್ಯರ ದಿನಾಂಕ ಸಿಕ್ಕಿ ಆಗಿರುತ್ತದೆ, ಆಗ ಎಲ್ಲರ ಕಣ್ಣೂ ಬೀಳುವುದು ಪರೀಕ್ಷೆಯ ಮೇಲೇ. ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡುವ ಎಂಡಿಎಫ್ ಹಲಗೆಯ ವಿಷಯದಲ್ಲೂ ಹೀಗೇ. ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್ ಎಂಬ ಅನಿಲ ಇಲ್ಲದ ಹಲಗೆ ಎಂದು ಚೀಟಿ ತೋರಿಸುತ್ತಾರೆ. ಚೀಟಿ ಸರಿಯೇ, ಆದರೆ ಮರದ ನಾರು ತಾನೇ ಅಸಿಟಿಕ್ ಆಮ್ಲ ಬಿಡುತ್ತದೆ, ಅದಕ್ಕೆ ಚೀಟಿ ಇಲ್ಲ. ಹಲಗೆ ಬಳಸಲೇಬೇಕಾದರೆ ಅಲ್ಯೂಮಿನಿಯಂ ಪದರವಿರುವ ಫಾಯಿಲಿನಿಂದ ಅಂಚುಗಳೂ ಸೇರಿ ಪೂರ್ತಿ ಸುತ್ತಬೇಕು. ಸ್ಕ್ರೂ ತೂತು ಕೊರೆದರೆ ಅದನ್ನೂ ಮುಚ್ಚಬೇಕು. ಪೌಡರ್ ಕೋಟಿಂಗ್ ಮಾಡಿದ ಲೋಹದ ತಟ್ಟೆ ಹಾಕಿದರೆ ಈ ತಲೆನೋವೇ ಇಲ್ಲ.

ಇನ್ನು "ಅಥವಾ ಸಮಾನ ಗುಣಮಟ್ಟದ" ಎಂಬ ಮಾತು. ಅದಿಲ್ಲದ ಟೆಂಡರ್ ಸಿಗುವುದು ಕಷ್ಟ, ಒಂದೇ ಕಂಪನಿಗೆ ಅನುಕೂಲ ಮಾಡಿಕೊಟ್ಟಂತೆ ಆಗಬಾರದಲ್ಲ. ಆದರೆ ಸಮಾನ ಎಂದು ತೀರ್ಮಾನಿಸುವವರು ಯಾರು ಎಂದು ಬರೆಯದಿದ್ದರೆ ಆ ತೀರ್ಮಾನ ಅಂಗಡಿಯ ಹುಡುಗನ ಕೈಗೆ ಹೋಗುತ್ತದೆ. ಬದಲಿ ಸಾಮಗ್ರಿಗೂ ಅದೇ ಪರೀಕ್ಷೆ, ಸಂರಕ್ಷಣಾ ವಿಭಾಗದ ಲಿಖಿತ ಒಪ್ಪಿಗೆ, ಅಲ್ಲಿಯವರೆಗೆ ಆ ಭಾಗದ ಬಿಲ್ ಇಲ್ಲ. ಇಷ್ಟು ಸೇರಿಸಿದರೆ ಸಾಕು.

ಗ್ಯಾಲರಿ ಕಟ್ಟುವವರದ್ದು ಒಂದು ಕಥೆಯಾದರೆ, ತೆರೆದ ಮೇಲೆ ದಿನನಿತ್ಯ ಬರುವ ಹೊರಗಿನವರದ್ದು ಇನ್ನೊಂದು. 2011ರಲ್ಲಿ ಜರ್ಮನಿಯ ಡಾರ್ಟ್‌ಮುಂಡ್‌ನ ಮ್ಯೂಸಿಯಮ್ಮಿನಲ್ಲಿ ಮಾರ್ಟಿನ್ ಕಿಪ್ಪನ್‌ಬರ್ಗರ್ ಅವರ ಕಲಾಕೃತಿಯೊಂದಿತ್ತು: ಮರದ ಅಟ್ಟಣೆ, ಕೆಳಗೊಂದು ರಬ್ಬರ್ ತೊಟ್ಟಿ, ತೊಟ್ಟಿಯಲ್ಲಿ ಒಣಗಿದ ನೀರಿನ ಕಲೆಯಂತೆ ಬಳಿದ ಬಣ್ಣ. ಬೆಲೆ 8 ಲಕ್ಷ ಯೂರೊ. ಸ್ವಚ್ಛತೆಯ ಹೆಂಗಸು ಕಲೆಯನ್ನು ಕಲೆಯೆಂದೇ ತಿಳಿದು ತಿಕ್ಕಿ ತೊಳೆದಳು. ಸ್ವಚ್ಛತೆಯವರು ಕಲಾಕೃತಿಗಳಿಂದ 20 ಸೆಂಟಿಮೀಟರ್ ದೂರ ಇರಬೇಕೆಂಬ ನಿಯಮ ಇತ್ತಂತೆ. ಆಕೆ ಹೊರಗಿನ ಕಂಪನಿಯ ಕೆಲಸದವಳು, ಆ ನಿಯಮ ಆಕೆಯ ಕಿವಿಗೆ ಬಿದ್ದಿತ್ತೇ ಎಂಬುದೇ ಸ್ಪಷ್ಟವಿರಲಿಲ್ಲ. 2024ರಲ್ಲಿ ನೆದರ್‌ಲ್ಯಾಂಡ್ಸ್‌ನ ಲಿಸ್ಸೆಯ ಲ್ಯಾಮ್ ಮ್ಯೂಸಿಯಮ್ಮಿನಲ್ಲಿ ಲಿಫ್ಟ್ ರಿಪೇರಿಗೆ ಬಂದವನು ಅಲ್ಲಿಟ್ಟಿದ್ದ ಎರಡು ಬಿಯರ್ ಡಬ್ಬಿಗಳನ್ನು ಕಸಕ್ಕೆ ಹಾಕಿದ. ಅವು ಕೈಯಲ್ಲಿ ಬಣ್ಣ ಬಳಿದ ಕಲಾಕೃತಿ. ಅವತ್ತು ಬಂದವನು ಮಾಮೂಲಿ ಆಳಿನ ಬದಲಿಗೆ ಬಂದವನು. ಡಬ್ಬಿಗಳು ಕಸದ ಚೀಲದಲ್ಲೇ ಸಿಕ್ಕವು. ಜನ ನಕ್ಕರು. ನಗಬಹುದು, ಆದರೆ ಎರಡು ಕಡೆಯೂ ಆದದ್ದು ಸೋಮವಾರದ ಮಾತಿನಂಥದ್ದೇ: ಕಸ ಕಂಡಿತು, ಸ್ವಚ್ಛ ಮಾಡಿದೆವು.

ಮ್ಯೂಸಿಯಮ್ಮಿನವರು ಸ್ವಚ್ಛತೆಯ ಕಂಪನಿಯ ಮ್ಯಾನೇಜರ್ ಜೊತೆ ಕೂತು ಒಪ್ಪಂದ ಮಾಡಿಕೊಳ್ಳುತ್ತಾರೆ, ಬಕೆಟ್ ಹಿಡಿದು ಬರುವವರು ಬೇರೆಯವರು, ಅವರೂ ತಿಂಗಳಿಗೊಮ್ಮೆ ಬದಲಾಗುತ್ತಾರೆ. ಒಪ್ಪಂದದ 40ನೇ ಪುಟದಲ್ಲಿರುವುದು ಅವರನ್ನು ತಲುಪುವುದಿಲ್ಲ. ತಲುಪುವುದು ಬಕೆಟ್ ಇಡುವ ಕೋಣೆಯ ಬಾಗಿಲ ಮೇಲೆ, ಅವರ ಭಾಷೆಯಲ್ಲಿ, ಚಿತ್ರದ ಸಮೇತ ಅಂಟಿಸಿದ ಒಂದು ಹಾಳೆ. ಅದರಲ್ಲಿ ನಾಲ್ಕೇ ಮಾತು ಸಾಕು. ದ್ರಾವಣವನ್ನು ಗಾಜಿಗಲ್ಲ, ಬಟ್ಟೆಗೆ ಸಿಂಪಡಿಸಿ. ಅಮೋನಿಯಾ ಇರುವುದು ಬೇಡವೇ ಬೇಡ. ಪೀಠದ ಬುಡಕ್ಕೆ ಒದ್ದೆ ಮಾಪ್ ತಾಗಿಸಬೇಡಿ. ನೆಲದ ಮೇಲೆ ಏನು ಬಿದ್ದಿದ್ದರೂ, ಬಣ್ಣದ ಚಕ್ಕೆಯೇ ಆಗಲಿ, ಗುಡಿಸುವ ಮೊದಲು ಕರೆಯಿರಿ.

ದೀಪದ ಕೆಲಸವೂ ಇಂಥದ್ದೇ. 11.5 ಮಿಲಿಮೀಟರಿನ ಲ್ಯಾಮಿನೇಟೆಡ್ ಗಾಜು ಚದರ ಮೀಟರಿಗೆ ಸುಮಾರು 27 ಕಿಲೊ ತೂಗುತ್ತದೆ. 1.2 ಮೀಟರ್ ಅಗಲ, 2 ಮೀಟರ್ ಎತ್ತರದ ಬಾಗಿಲೆಂದರೆ ಸುಮಾರು 65 ಕಿಲೊ. ದೀಪಕ್ಕೆ ವಿದ್ಯುತ್ ಕೊಡುವ ಒಂದು ಎಲ್‌ಇಡಿ ಡ್ರೈವರ್ ಸುಟ್ಟರೆ ಇದನ್ನು ತೆಗೆದು, ವಸ್ತುವಿನ ತಲೆಯ ಮೇಲೆ ಕೈ ಚಾಚಿ, ಮತ್ತೆ ಮುಚ್ಚಬೇಕೆಂದರೆ ಅದು ಷೋಕೇಸೇ ಅಲ್ಲ. ದೀಪದ ಗೂಡಿಗೆ ಹೊರಗಿನಿಂದಲೇ ತೆಗೆಯುವ ಬೇರೆ ಬಾಗಿಲು, ಬೇರೆ ಬೀಗ ಇರಬೇಕು. ಎಲೆಕ್ಟ್ರಿಷಿಯನ್ ಕೈಗೆ ಆ ಬೀಗದ ಕೀಲಿ ಮಾತ್ರ. ಕೈರೋದ ಮ್ಯೂಸಿಯಮ್ಮಿನಲ್ಲಿದ್ದ, ಪ್ರಾಚೀನ ಈಜಿಪ್ಟಿನ ದೊರೆ ಟುಟಾಂಖಾಮನ್ನನ ಚಿನ್ನದ ಮುಖವಾಡದ ಗಡ್ಡ 2014ರಲ್ಲಿ ಕಳಚಿ ಬಿದ್ದದ್ದು ಷೋಕೇಸಿನ ದೀಪದ ಕೆಲಸ ಮಾಡುವಾಗ. ಅವಸರಕ್ಕೆ ಅದನ್ನು ಎಪಾಕ್ಸಿ ಎಂಬ ಗಟ್ಟಿ ಅಂಟಿನಲ್ಲಿ ಅಂಟಿಸಿಬಿಟ್ಟಿದ್ದರು. ಎಪಾಕ್ಸಿ ಬಿಡಿಸಿ ಜೇನುಮೇಣದಲ್ಲಿ ಕೂರಿಸುವ ಹೊತ್ತಿಗೆ 2015 ಮುಗಿಯುತ್ತಾ ಬಂದಿತ್ತು. ಅಲ್ಲಿ ಶಿಸ್ತುಕ್ರಮ ಎದುರಿಸಿದ ಎಂಟು ಮಂದಿ ಮ್ಯೂಸಿಯಮ್ಮಿನ ನೌಕರರೇ, ಹೊರಗಿನವರಲ್ಲ. ಆದ್ದರಿಂದ ಒಳಗಿನವರೆಲ್ಲ ಬಲ್ಲವರು, ಹೊರಗಿನವರೆಲ್ಲ ಅಡ್ಡಕಸುಬಿಗಳು ಎಂದು ಗೆರೆ ಎಳೆಯುವುದೂ ಸುಳ್ಳು.

ಕಾವಲಿನ ಕೆಲಸ ಹೊರಗೆ ಕೊಡುವುದು ಮಾತ್ರ ಬೇರೆ ಥರದ ನಷ್ಟ. 2015ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ನೌಕರರು ಇದೇ ವಿಷಯಕ್ಕೆ ನೂರಕ್ಕೂ ಹೆಚ್ಚು ದಿನ ಮುಷ್ಕರ ಹೂಡಿದ್ದರು. ಕೊನೆಗೂ ಕೆಲಸ ಹೊರಗೇ ಹೋಯಿತು. ಒಂದೇ ಕೋಣೆಯಲ್ಲಿ ಹತ್ತು ವರ್ಷ ಕೂತವನಿಗೆ ಯಾವ ತೇವಮಾಪಕ ಸುಳ್ಳು ಹೇಳುತ್ತದೆ, ಯಾವ ಚೌಕಟ್ಟು ಸ್ವಲ್ಪ ವಾಲಿದೆ ಎಂಬುದು ಕಣ್ಣಳತೆಯಲ್ಲೇ ಗೊತ್ತಾಗುತ್ತದೆ. ಅದನ್ನು ಟೆಂಡರಿನಲ್ಲಿ ಯಾವ ಬಾಬತ್ತಿನಡಿ ಬರೆಯುವುದು?

ಮತ್ತೆ ಷೋಕೇಸಿಗೆ. ದುರಸ್ತಿಯ ಖರ್ಚು ಯಾರದು ಎಂಬ ಜಗಳ ಬುಧವಾರ ಒಂದೇ ಗಂಟೆಯಲ್ಲಿ ಮುಗಿಯಿತು, ಏಕೆಂದರೆ ಕಾಗದದಲ್ಲಿ ಮ್ಯೂಸಿಯಮ್ಮಿಗೆ ಆಧಾರವೇ ಇರಲಿಲ್ಲ. ಸಾಮಾನು ಮ್ಯೂಸಿಯಮ್ಮಿನದು, ಕೂಲಿ ಗುತ್ತಿಗೆದಾರರದು ಎಂದು ರಾಜಿಯಾಯಿತು. ಹಳೆಯ ಸಿಲಿಕೋನನ್ನು ಬ್ಲೇಡಿನಲ್ಲಿ ಸೀಳಿ ಎಳೆ ಎಳೆಯಾಗಿ ತೆಗೆದು, ಅಂಟಿ ಉಳಿದದ್ದನ್ನು ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸುವುದು. ಬೇಸರದ ಕೆಲಸ. ಕೂದಲೆಳೆಯಷ್ಟು ಉಳಿದರೂ ಹೊಸದು ಅದರ ಮೇಲೆ ಕಚ್ಚುವುದಿಲ್ಲ. ಒಳಗೆ ಹಾಸಿದ್ದ ಬಟ್ಟೆ ಆಮ್ಲ ಕುಡಿದಿರುತ್ತದೆ, ಅದನ್ನೂ ಕಿತ್ತು ಹಾಕಬೇಕಾಯಿತು. ಹೊಸ ಸೀಲೆಂಟ್ ಆದ ಮೇಲೆ ನಾಲ್ಕು ವಾರ ಬಾಗಿಲು ತೆರೆದು ಫ್ಯಾನ್ ಹಾಕುವುದು, ಆಮೇಲೆ ಮುಚ್ಚಿ ಮತ್ತೆ ಪಟ್ಟಿ. ನೀಲಿ ಉಳಿದರೆ ಮಾತ್ರ ವಸ್ತು ಒಳಗೆ. ಇದಿಷ್ಟೂ ಈ ಸಲ ಕಾಗದದ ಮೇಲೆ ಬಂತು. ಹೊಸ ಸೀಲೆಂಟ್ ನ್ಯೂಟ್ರಲ್, ಅಂದರೆ ಆಮ್ಲ ಬಿಡದ್ದು, ಆಗಿರತಕ್ಕದ್ದು ಎಂದೂ ಬಂತು.

ಶನಿವಾರ ಟ್ಯೂಬುಗಳ ಪೆಟ್ಟಿಗೆ ಬಂತು. ಸೂಪರ್‌ವೈಸರ್ ಒಂದರ ಮೂತಿ ಕತ್ತರಿಸಿ, ಗನ್ನಿಗೆ ಹಾಕಿ, ಷೋಕೇಸಿನ ಹತ್ತಿರ ಹೋಗದೆ ರಟ್ಟಿನ ಚೂರಿನ ಮೇಲೆ ಬೆರಳುದ್ದ ಗೆರೆ ಎಳೆದ. ಬಗ್ಗಿ ಮೂಸಿದ.

"ಮೇಡಂ, ಇದರಲ್ಲೂ ವಾಸನೆ ಇದೆ. ಹುಳಿ ಅಲ್ಲ, ಬೇರೆ ಥರ."

ಕ್ಯುರೇಟರ್ ಟ್ಯೂಬನ್ನು ಬೆಳಕಿಗೆ ಹಿಡಿದು ಹಿಂಬದಿಯ ಸಣ್ಣಕ್ಷರ ಓದಿದರು. ನ್ಯೂಟ್ರಲ್ ಹೌದು, ಆಕ್ಸೈಮ್ ಜಾತಿಯದು. ತಾಮ್ರ, ಹಿತ್ತಾಳೆಗೆ ಬಳಸಬೇಡಿ ಎಂದು ತಯಾರಕರೇ ಅಚ್ಚು ಹಾಕಿದ್ದರು. ಏಳನೇ ಷೋಕೇಸಿಗೆ ಬರಬೇಕಾದದ್ದೆಲ್ಲ ತಾಮ್ರ. ಬೇಕಾಗಿದ್ದದ್ದು ಅಲ್ಕಾಕ್ಸಿ ಜಾತಿಯ ನ್ಯೂಟ್ರಲ್, ಗಟ್ಟಿಯಾಗುವಾಗ ಬರೀ ಆಲ್ಕೋಹಾಲ್ ಬಿಡುವಂಥದ್ದು. ಕಾಗದದಲ್ಲಿ ಆ ಪದ ಇರಲಿಲ್ಲ.

ಸೂಪರ್‌ವೈಸರ್ ಗನ್ನಿನಿಂದ ಟ್ಯೂಬು ತೆಗೆದು ಮೂತಿಗೆ ಟೇಪು ಸುತ್ತಿದ. ಜೇಬಿನಿಂದ ಪೆನ್ನು ತೆಗೆದು ಅವರ ಕಡೆ ಚಾಚಿದ.

"ಹಂಗಾದ್ರೆ ಅದನ್ನೂ ಬರೆದುಕೊಟ್ಬಿಡಿ, ಮೇಡಂ."